ಒಂದೇ ಲೈಟ್‌ನಲ್ಲಿ ಬಲ್ಬ್ ಪದೇ ಪದೇ ಹೋಗುತ್ತಿದ್ದರೆ

ಪ್ರಶ್ನೆ: ನಮ್ಮದು ತಿಪಟೂರು ತಾಲ್ಲೂಕಿನ ಹಳ್ಳಿ. ಮನೆ ಕಟ್ಟಿ 14 ವರ್ಷ ಆಯಿತು. ಮಹಡಿ ಮೇಲಿನ ರೂಮಿನ ಸೀಲಿಂಗ್ ಲೈಟ್‌ನಲ್ಲಿ ಬಲ್ಬ್ ನಿಲ್ಲುತ್ತಲೇ ಇಲ್ಲ. ಕಳೆದ ದೀಪಾವಳಿಗೆ ಬಣ್ಣ ಹೊಡೆಸಿದಾಗ ಹಳೇ ಹೋಲ್ಡರ್ ತೆಗೆಸಿ, ಚೆಂದ ಕಾಣಲಿ ಎಂದು ಪೂರ್ತಿ ಮುಚ್ಚಿದ ಗಾಜಿನ ಲೈಟ್ ಹಾಕಿಸಿದೆವು. ಆಮೇಲೆ ಐದು ಎಲ್‌ಇಡಿ ಬಲ್ಬ್ ಹೋದವು. ಎಲ್ಲವೂ 12 ವಾಟ್‌ನವು, ಬೇರೆ ಬೇರೆ ಕಂಪನಿಯವು. ಒಂದು ಆರು ವಾರ ಬಂತು, ಇನ್ನೊಂದು ಹತ್ತೇ ದಿನ. ಫ್ಯಾನ್ ಹಾಕಿದಾಗ ಕೆಲವೊಮ್ಮೆ ಲೈಟ್ ಮಿಣಮಿಣ ಅನ್ನುತ್ತದೆ. ಕೆಳಗಿನ ರೂಮುಗಳಲ್ಲಿ ಏನೂ ತೊಂದರೆ ಇಲ್ಲ. ನಮ್ಮ ಎಲೆಕ್ಟ್ರೀಷಿಯನ್ ಸ್ವಿಚ್ ಬದಲಿಸಿದರು. ಆಮೇಲೆ ವೋಲ್ಟೇಜ್ ಜಾಸ್ತಿ ಬರ್ತಿದೆ, ಮನೆಗೆಲ್ಲ ಸ್ಟೆಬಿಲೈಜರ್ ಹಾಕಿಸಿ ಅಂದರು. ಮಾವನವರು ಅರ್ಥಿಂಗ್ ಸರಿಯಿಲ್ಲ ಅನ್ನುತ್ತಾರೆ. ಆ ರೂಮಿನ ಲೈಟ್, ಫ್ಯಾನ್ ಎರಡೂ ಯುಪಿಎಸ್ ಲೈನಿನಲ್ಲಿವೆ. ಮಗಳು ಅಲ್ಲೇ ಓದಿಕೊಳ್ಳುತ್ತಾಳೆ. ಬೆಂಕಿ ಹತ್ತಬಹುದು ಅಂತ ಭಯ ಆಗುತ್ತಿದೆ. ಏನು ಮಾಡಲಿ?

ಉತ್ತರ: ನಿಮ್ಮ ಭಯದಿಂದಲೇ ಶುರು ಮಾಡುತ್ತೇನೆ. ಬಲ್ಬ್ ಹೋಗುವುದು ಅಪಾಯವಲ್ಲ. ಆದರೆ ಬಲ್ಬ್ ಹೋಗಲು ಸಡಿಲ ಜಾಯಿಂಟ್ ಕಾರಣವಾಗಿದ್ದರೆ ಅದು ಅಪಾಯವೇ. ಸಡಿಲವಾದ ಜಾಗದಲ್ಲಿ ಸಣ್ಣ ಸಣ್ಣ ಕಿಡಿ ಏಳುತ್ತದೆ, ಜಾಗ ಬಿಸಿಯಾಗುತ್ತದೆ, ವೈರಿನ ಪ್ಲಾಸ್ಟಿಕ್ ಮೆತ್ತಗಾಗುತ್ತದೆ. ಇದನ್ನು ಎಂಸಿಬಿ (ಮೇನ್ ಬೋರ್ಡ್‌ನಲ್ಲಿ ತಾನೇ ಆಫ್ ಆಗುವ ಸ್ವಿಚ್) ಹಿಡಿಯುವುದಿಲ್ಲ. ಎಂಸಿಬಿ ಬೀಳುವುದು ಶಾರ್ಟ್ ಆದಾಗ ಅಥವಾ ಲೋಡ್ ಮಿತಿ ಮೀರಿದಾಗ. ಜಾಯಿಂಟ್ ಸಡಿಲವಾದರೆ ಕರೆಂಟ್ ಹೆಚ್ಚುವುದಿಲ್ಲವಲ್ಲ, ಹಾಗಾಗಿ ಅದಕ್ಕೆ ಗೊತ್ತೇ ಆಗುವುದಿಲ್ಲ. ಫ್ಯಾನ್ ಹಾಕಿದಾಗ ಲೈಟ್ ಮಿಣುಕುತ್ತದೆ ಎಂದು ಬರೆದಿದ್ದೀರಿ. ಅದನ್ನು ಸುಮ್ನೆ ಬಿಡುವ ಹಾಗಿಲ್ಲ. ಬಿಚ್ಚಿ ನೋಡುವ ತನಕ ಆ ಲೈಟ್ ಹಾಕಬೇಡಿ, ಆ ಫ್ಯಾನನ್ನೂ ಹಾಕಬೇಡಿ. ಮಗಳು ಕೆಳಗಿನ ರೂಮಿನಲ್ಲೇ ಓದಿಕೊಳ್ಳಲಿ. ಪ್ಲಾಸ್ಟಿಕ್ ಸುಟ್ಟ ವಾಸನೆ ಬಂದರೆ, ಸೀಲಿಂಗ್ ಮೇಲೆ ಕಂದು ಬಣ್ಣದ ಕಲೆ ಕಂಡರೆ, ಅವತ್ತೇ ಆ ಲೈನ್ ಬಂದ್ ಮಾಡಿಸಿ.

ಇನ್ನು ನೀವು ಕೇಳಿಬಂದ ಮಾತುಗಳು. ಮಾವನವರು ಹೇಳಿದ ಅರ್ಥಿಂಗ್ ಬಲ್ಬ್ ಹೋಗಲು ಕಾರಣವಲ್ಲ. ನಮ್ಮ ಮಾಮೂಲಿ ಪಿನ್ ಬಲ್ಬ್‌ಗೆ ಬರುವುದು ಎರಡೇ ವೈರ್, ಕರೆಂಟ್ ತರುವ ಫೇಸ್ ಮತ್ತು ಅದು ವಾಪಸ್ ಹೋಗುವ ನ್ಯೂಟ್ರಲ್. ಅರ್ಥ್ ವೈರ್ ಬಲ್ಬನ್ನು ಮುಟ್ಟುವುದೇ ಇಲ್ಲ. ಹಾಗಂತ ಅವರ ಮಾತನ್ನು ಪೂರ್ತಿ ತಳ್ಳಿಹಾಕಬೇಡಿ. ನೀವು ಹಾಕಿಸಿದ ಹೊಸ ಲೈಟ್‌ಗೆ ಹಿಂದೆ ಲೋಹದ ತಟ್ಟೆ ಇದ್ದರೆ ಅದಕ್ಕೆ ಅರ್ಥ್ ಕೊಡಲೇಬೇಕು. ಹಳೇ ಮನೆಗಳಲ್ಲಿ ಸೀಲಿಂಗ್ ತನಕ ಅರ್ಥ್ ವೈರ್ ಎಳೆದಿರುವುದು ಕಡಿಮೆ. ಹೇಗೂ ಬಿಚ್ಚುತ್ತೀರಲ್ಲ, ಅದನ್ನೂ ನೋಡಿಸಿ.

ಕಂಪನಿಗಳು ಬೇಗ ಹಾಳಾಗುವ ಹಾಗೆಯೇ ಬಲ್ಬ್ ಮಾಡುತ್ತವೆ ಎಂಬ ಮಾತೂ ಜನರಲ್ಲಿದೆ. ಕಳಪೆ ಬಲ್ಬ್‌ಗಳು ಮಾರುಕಟ್ಟೆಯಲ್ಲಿ ಇರುವುದು ನಿಜ. ಆದರೆ ಬೇರೆ ಬೇರೆ ಕಂಪನಿಯ ಐದು ಬಲ್ಬ್ ಒಂದೇ ಜಾಗದಲ್ಲಿ ಹೋಗಿವೆ. ಕೆಳಗಿನ ರೂಮುಗಳಲ್ಲಿ ಒಂದೂ ಹೋಗಿಲ್ಲ. ಅಂದರೆ ತಪ್ಪು ಆ ಜಾಗದ್ದು. ವೋಲ್ಟೇಜ್ ಜಾಸ್ತಿ ಎಂಬ ಮಾತನ್ನೂ ಇದೇ ಕಾರಣಕ್ಕೆ ನಾನು ಸುಲಭಕ್ಕೆ ಒಪ್ಪುವುದಿಲ್ಲ. ವೋಲ್ಟೇಜ್ ಜಾಸ್ತಿ ಆದರೆ ಕೆಳಗಿನ ರೂಮಿಗೂ ಅದೇ ತಾನೇ ಬರುವುದು? ಇದಕ್ಕೆ ಒಂದು ವಿನಾಯಿತಿ ಇದೆ. ನಿಮ್ಮದು ತ್ರೀ ಫೇಸ್ ಕನೆಕ್ಷನ್ ಆಗಿದ್ದರೆ ಮಹಡಿಯನ್ನು ಬೇರೆ ಫೇಸ್ ಮೇಲೆ ಹಾಕಿರಬಹುದು. ಆಗಲೂ ಮಹಡಿಯ ಮಿಕ್ಕ ಲೈಟ್‌ಗಳು, ಬಾತ್‌ರೂಮ್ ಬಲ್ಬ್ ಎಲ್ಲ ಒಂದಲ್ಲ ಒಂದು ತೊಂದರೆ ಕೊಡಬೇಕಿತ್ತು. ಅವು ಸರಿ ಇವೆಯಾ, ಒಮ್ಮೆ ಗಮನಿಸಿ.

ಇಂಥ ದೂರು ಬಂದಾಗ ನಾನು ಮೊದಲು ಕೇಳುವುದು, ಇದು ಯಾವಾಗಿನಿಂದ ಶುರುವಾಯಿತು, ಆಗ ಮನೆಯಲ್ಲಿ ಏನು ಬದಲಾಯಿತು ಎಂದು. ನೀವೇ ಅದಕ್ಕೆ ಉತ್ತರ ಬರೆದಿದ್ದೀರಿ. ದೀಪಾವಳಿಗೆ ಬಣ್ಣ ಹೊಡೆಸಿದಿರಿ, ಹಳೇ ಹೋಲ್ಡರ್ ಹೋಗಿ ಮುಚ್ಚಿದ ಲೈಟ್ ಬಂತು. 14 ವರ್ಷದ ವೈರನ್ನು ಅವತ್ತು ಯಾರೋ ಕೈಯಿಟ್ಟು ಬಿಚ್ಚಿದರು, ಮತ್ತೆ ಕಟ್ಟಿದರು. ಬಣ್ಣದ ಕೆಲಸ ನಡೆಯುವಾಗ ಇದು ಬಹಳ ಮನೆಗಳಲ್ಲಿ ಆಗುತ್ತದೆ. ಏಣಿ ಮೇಲೆ ನಿಂತವರಿಗೆ ಕೆಲಸ ಮುಗಿಸುವ ಆತುರ. ಹಳೇ ವೈರಿನ ತುದಿ ಕಪ್ಪಾಗಿರುತ್ತದೆ, ಅದನ್ನು ಕತ್ತರಿಸಿ ಹೊಸ ತಾಮ್ರ ತೆಗೆಯುವುದಿಲ್ಲ. ಕೈಯಲ್ಲೇ ತಿರುಚಿ ಟೇಪ್ ಸುತ್ತುತ್ತಾರೆ. ಆ ದಿನ ಲೈಟ್ ಹತ್ತುತ್ತದೆ, ಎಲ್ಲರಿಗೂ ಸಮಾಧಾನ. ಬೇಸಿಗೆ ಬರುವ ಹೊತ್ತಿಗೆ ಟೇಪಿನ ಅಂಟು ಬಿಟ್ಟಿರುತ್ತದೆ.

ಹಾಗಾಗಿ ನನ್ನ ಅನುಮಾನ ಎರಡರ ಮೇಲೆ. ಒಂದು ಸಡಿಲ ಜಾಯಿಂಟ್ ಅಥವಾ ಹೋಲ್ಡರ್. ಇನ್ನೊಂದು, ಗಾಜಿನೊಳಗೆ ಸೇರಿಕೊಳ್ಳುವ ಬಿಸಿ. ಎರಡೂ ಸೇರಿ ಬಲ್ಬನ್ನು ಕೊಲ್ಲುತ್ತಿರುವುದೇ ಹೆಚ್ಚು ಸಂಭವ.

ಬಿಸಿಯ ವಿಷಯ ಮೊದಲು ಹೇಳುತ್ತೇನೆ. ಎಲ್‌ಇಡಿ ತಣ್ಣಗೆ ಉರಿಯುತ್ತದೆ ಎಂದು ನಂಬಿದವರು ಬಹಳ ಜನ. ಹಳೇ ತಂತಿ ಬಲ್ಬ್‌ಗೆ ಹೋಲಿಸಿದರೆ ತಣ್ಣಗೆ ನಿಜ. ಆದರೆ 12 ವಾಟ್‌ನ ಬಲ್ಬ್ ತಿನ್ನುವ ಕರೆಂಟ್‌ನಲ್ಲಿ ಅರ್ಧಕ್ಕಿಂತ ಹೆಚ್ಚು ಇವತ್ತಿಗೂ ಶಾಖವಾಗಿಯೇ ಹೋಗುತ್ತದೆ. ಹಳೇ ಬಲ್ಬ್‌ಗೆ ಶಾಖ ಲೆಕ್ಕಕ್ಕಿರಲಿಲ್ಲ, ಅದರೊಳಗೆ ಕೆಡುವಂಥ ಎಲೆಕ್ಟ್ರಾನಿಕ್ಸ್ ಇರಲಿಲ್ಲ. ಎಲ್‌ಇಡಿ ಬಲ್ಬ್‌ನ ಕುತ್ತಿಗೆಯಲ್ಲಿ ಒಂದು ಪುಟ್ಟ ಸರ್ಕ್ಯೂಟ್ ಇರುತ್ತದೆ, ಅದನ್ನು ಡ್ರೈವರ್ ಎನ್ನುತ್ತೇವೆ. ಅದರಲ್ಲಿ ಕರೆಂಟ್ ಕೂಡಿಟ್ಟು ಕೊಡುವ ಕೆಪಾಸಿಟರ್ ಎಂಬ ಭಾಗ ಇರುತ್ತದೆ, ಅದು ಬಿಸಿ ತಡೆಯುವುದಿಲ್ಲ. ಬಿಸಿ 10 ಡಿಗ್ರಿ ಹೆಚ್ಚಾದರೆ ಅದರ ಆಯಸ್ಸು ಸುಮಾರು ಅರ್ಧಕ್ಕೆ ಇಳಿಯುತ್ತದೆ ಎಂಬುದು ನಮ್ಮ ಕೆಲಸದಲ್ಲಿ ಎಲ್ಲರೂ ಇಟ್ಟುಕೊಂಡಿರುವ ಲೆಕ್ಕ. ಸೀಲಿಂಗ್‌ನಲ್ಲಿ ಬಲ್ಬ್ ತಲೆಕೆಳಗಾಗಿ ಇರುತ್ತದೆ. ಅಂದರೆ ಡ್ರೈವರ್ ಇರುವ ಕುತ್ತಿಗೆ ಮೇಲೆ, ಬಿಸಿ ಗಾಳಿ ಬಂದು ಸೇರುವುದೂ ಅಲ್ಲೇ. ಗಾಳಿಯಾಡದ ಗಾಜು ಮುಚ್ಚಿದ್ದೀರಿ. ಅದರ ಮೇಲೆ ತಾರಸಿ, ಏಪ್ರಿಲ್ ಮೇ ಬಿಸಿಲಿಗೆ ಇಡೀ ದಿನ ಕಾದ ಕಾಂಕ್ರೀಟ್. ಸಂಜೆ ಮಗಳು ಲೈಟ್ ಹಾಕುವ ಹೊತ್ತಿಗೆ ಆ ಕಾಂಕ್ರೀಟ್ ಇನ್ನೂ ಆರಿರುವುದಿಲ್ಲ.

ಬಲ್ಬ್ ಡಬ್ಬದ ಮೇಲೆ 25,000 ಗಂಟೆ ಎಂದು ಬರೆದಿರುತ್ತದಲ್ಲ, ದಿನಕ್ಕೆ ಆರು ಗಂಟೆಯಂತೆ ಲೆಕ್ಕ ಹಾಕಿದರೆ ಹನ್ನೊಂದು ವರ್ಷ. ಅದು ಗಾಳಿಯಾಡುವ ಜಾಗದ ಲೆಕ್ಕ, ಮುಚ್ಚಿದ ಗಾಜಿನ ಲೆಕ್ಕವಲ್ಲ. ಕೆಲವು ಕಂಪನಿಗಳು ಮುಚ್ಚಿದ ಫಿಟ್ಟಿಂಗ್‌ನಲ್ಲಿ ಬಳಸಬೇಡಿ ಎಂದು ಡಬ್ಬದ ಮೇಲೆ ಸಣ್ಣ ಅಕ್ಷರದಲ್ಲಿ ಬರೆದೂ ಇರುತ್ತವೆ. ನಾವು ಯಾರೂ ಓದುವುದಿಲ್ಲ.

ಆದರೂ ಬಿಸಿಯೊಂದೇ ಕಾರಣ ಎಂದು ನನಗೆ ಅನ್ನಿಸುವುದಿಲ್ಲ. ಬಿಸಿ ನಿಧಾನವಾಗಿ ಕೊಲ್ಲುತ್ತದೆ, ತಿಂಗಳುಗಟ್ಟಲೆ ಹಿಡಿಯುತ್ತದೆ. ಹತ್ತೇ ದಿನಕ್ಕೆ ಹೋದ ಬಲ್ಬ್ ಬೇರೆ ಏನೋ ಹೇಳುತ್ತಿದೆ. ಅಲ್ಲಿಗೆ ಫ್ಯಾನ್ ವಿಷಯ ಬರುತ್ತದೆ.

ನಮ್ಮ ಮನೆಗಳ ವೈರಿಂಗ್‌ನಲ್ಲಿ ಪ್ರತಿ ಸ್ವಿಚ್‌ನಿಂದ ಫೇಸ್ ಬೇರೆ ಬೇರೆ ಹೋಗುತ್ತದೆ. ನ್ಯೂಟ್ರಲ್ ಮಾತ್ರ ಸಾಮಾನ್ಯವಾಗಿ ಒಂದೇ. ಲೈಟ್‌ಗೂ ಫ್ಯಾನ್‌ಗೂ ಸೀಲಿಂಗ್ ಬಾಕ್ಸ್‌ನಲ್ಲೇ ಅದನ್ನು ಜೋಡಿಸಿರುತ್ತಾರೆ. ಆ ನ್ಯೂಟ್ರಲ್ ಜಾಯಿಂಟ್ ಸಡಿಲವಾಗಿದ್ದರೆ ಏನಾಗುತ್ತದೆ ನೋಡಿ. ಫ್ಯಾನ್ ಒಳಗೆ ಇರುವುದು ತಾಮ್ರದ ಸುರುಳಿ. ಸುರುಳಿಯಲ್ಲಿ ಹರಿಯುತ್ತಿರುವ ಕರೆಂಟನ್ನು ಥಟ್ಟನೆ ಕಡಿದರೆ ಅದು ಒಪ್ಪುವುದಿಲ್ಲ, ವೋಲ್ಟೇಜ್ ಜಿಗಿಯುತ್ತದೆ. ರಭಸದಿಂದ ಬರುವ ನೀರಿನ ನಲ್ಲಿ ಫಕ್ಕನೆ ಮುಚ್ಚಿದರೆ ಪೈಪು ಧಡ್ ಅನ್ನುತ್ತದಲ್ಲ, ಹಾಗೆ. ಆ ಜಿಗಿತಕ್ಕೆ ಹೊರಗೆ ಹೋಗಲು ಪಕ್ಕದಲ್ಲೇ ಇರುವ ದಾರಿ ನಿಮ್ಮ ಬಲ್ಬ್. ಜಾಯಿಂಟ್ ಒಮ್ಮೆ ಬಿಟ್ಟು ಹಿಡಿದಾಗಲೆಲ್ಲ ಬಲ್ಬ್‌ಗೆ ಒಂದೊಂದು ಏಟು. ಮತ್ತೆ ಹಿಡಿದಾಗ ಡ್ರೈವರ್ ಒಮ್ಮೆಲೇ ಹೆಚ್ಚು ಕರೆಂಟ್ ಎಳೆದುಕೊಳ್ಳುತ್ತದೆ, ಅದು ಇನ್ನೊಂದು ಏಟು. ನೀವು ಕಂಡ ಮಿಣುಕು ಇದೇ ಇರಬಹುದು. ಫ್ಯಾನ್ ಹಾಕದ ಚಳಿಗಾಲದಲ್ಲಿ ಬಲ್ಬ್ ಜಾಸ್ತಿ ದಿನ ಬಂದು, ಬೇಸಿಗೆಯಲ್ಲಿ ಬೇಗ ಹೋಗಿದ್ದರೆ ನನ್ನ ಅನುಮಾನ ಇನ್ನೂ ಗಟ್ಟಿಯಾಗುತ್ತದೆ.

ಹೋಲ್ಡರ್‌ನ ಕಥೆಯೂ ಇದೇ. ಪಿನ್ ಹೋಲ್ಡರ್ ಒಳಗೆ ಎರಡು ಸ್ಪ್ರಿಂಗ್ ಕಡ್ಡಿ ಇರುತ್ತವೆ, ಅವು ಬಲ್ಬ್‌ನ ಬುಡದ ಎರಡು ಸೀಸದ ಚುಕ್ಕಿಗಳನ್ನು ಒತ್ತಿ ಹಿಡಿಯಬೇಕು. ಅಗ್ಗದ ಫಿಟ್ಟಿಂಗ್‌ಗಳಲ್ಲಿ ಗಾಜಿಗೆ ಕೊಟ್ಟ ಗಮನವನ್ನು ಹೋಲ್ಡರ್‌ಗೆ ಕೊಟ್ಟಿರುವುದಿಲ್ಲ. ಸ್ಪ್ರಿಂಗ್ ಬಿಸಿಗೆ ಸೋತು ಒಳಗೇ ಕೂತುಬಿಡುತ್ತದೆ.

ಇದನ್ನು ಏಣಿ ಹತ್ತದೆ, ಏನೂ ಬಿಚ್ಚದೆ ನೀವೇ ನೋಡಬಹುದು. ಹೋದ ಬಲ್ಬ್‌ಗಳನ್ನು ಎಸೆದಿಲ್ಲ ತಾನೇ? ಅವುಗಳ ಬುಡ ನೋಡಿ. ಆ ಎರಡು ಚುಕ್ಕಿಗಳು ಕಪ್ಪಾಗಿದ್ದರೆ, ಕರಗಿದಂತೆ, ಕಿತ್ತುಬಂದಂತೆ ಇದ್ದರೆ ಹೋಲ್ಡರ್‌ನಲ್ಲಿ ಕಿಡಿ ಏಳುತ್ತಿದೆ ಎಂದೇ ಅರ್ಥ. ಆಮೇಲೆ ಆ ಬಲ್ಬ್‌ಗಳನ್ನು ಕೆಳಗಿನ ರೂಮಿನ ಒಳ್ಳೇ ಹೋಲ್ಡರ್‌ಗೆ ಹಾಕಿ ನೋಡಿ. ಒಂದೆರಡು ಹತ್ತಿದರೂ ಹತ್ತಬಹುದು. ಹತ್ತಿದರೆ ಆ ಬಲ್ಬ್ ಹೋಗಿಯೇ ಇರಲಿಲ್ಲ, ಹೋಲ್ಡರ್ ಅದನ್ನು ಮುಟ್ಟುತ್ತಿರಲಿಲ್ಲ ಅಷ್ಟೇ. ಚುಕ್ಕಿಗಳು ಚೊಕ್ಕಟವಾಗಿದ್ದು, ಕುತ್ತಿಗೆಯ ಬಿಳಿ ಪ್ಲಾಸ್ಟಿಕ್ ಹಳದಿ ಅಥವಾ ಕಂದು ಬಣ್ಣಕ್ಕೆ ತಿರುಗಿದ್ದರೆ ಬಿಸಿಯ ಕಡೆ ಬೆರಳು ತೋರಿಸುತ್ತೇನೆ.

ಹೋದ ಬಲ್ಬ್ ಬಿಚ್ಚಿ ರಿಪೇರಿ ಮಾಡುವ ವಿಡಿಯೋಗಳು ಬಹಳ ಇವೆ. ಒಳಗಿನ ಎಲ್‌ಇಡಿಗಳು ಒಂದರ ಹಿಂದೆ ಒಂದು ಜೋಡಿಸಿರುವುದರಿಂದ ಒಂದು ಸುಟ್ಟರೂ ಇಡೀ ಬಲ್ಬ್ ಆರುತ್ತದೆ. ಸುಟ್ಟಿದ್ದನ್ನು ಬೆಸುಗೆ ಹಾಕಿ ದಾಟಿಸಿದರೆ ಮತ್ತೆ ಹತ್ತುತ್ತದೆ. ದಯವಿಟ್ಟು ಮನೆಯಲ್ಲಿ ಇದನ್ನು ಮಾಡಬೇಡಿ, ಮಕ್ಕಳಿಗೂ ಮಾಡಲು ಬಿಡಬೇಡಿ. ಮೇಲಿನ ಮುಚ್ಚಳ ತೆಗೆದ ಬಲ್ಬ್‌ನೊಳಗೆ ಕೈಗೆ ಸಿಗುವ ಭಾಗದಲ್ಲೇ ಮೇನ್ ಕರೆಂಟ್ ಇರಬಹುದು.

ಈಗ ಫಿಟ್ಟಿಂಗ್ ಬಿಚ್ಚುವ ಮಾತು. ನಿಮ್ಮ ಪತ್ರದಲ್ಲಿ ನನಗೆ ತುಂಬಾ ಕಳವಳ ತಂದ ಸಾಲು, ಈ ಲೈಟ್ ಯುಪಿಎಸ್ ಲೈನಿನಲ್ಲಿದೆ ಎನ್ನುವುದು. ಮೇನ್ ಸ್ವಿಚ್ ಆಫ್ ಮಾಡಿದರೆ ಮನೆಯಲ್ಲಿ ಕರೆಂಟ್ ಇಲ್ಲ ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. ಯುಪಿಎಸ್ ಇದ್ದರೆ ಅದು ಸುಳ್ಳು. ಮೇನ್ ಹೋದ ಕ್ಷಣವೇ ಅದು ಬ್ಯಾಟರಿಯಿಂದ 230 ವೋಲ್ಟ್ ಕೊಡಲು ಶುರು ಮಾಡುತ್ತದೆ. ಏಣಿ ಮೇಲೆ ನಿಂತವರ ಕೈಯಲ್ಲಿರುವ ವೈರ್‌ಗೆ ಬರುವುದೂ ಅದೇ ಕರೆಂಟ್. ಯುಪಿಎಸ್ ಆಫ್ ಮಾಡಿ, ಆಮೇಲೆ ಮೇನ್ ಆಫ್ ಮಾಡಿ. ಯುಪಿಎಸ್ ಆಫ್ ಇದ್ದರೂ ಮೇನ್ ಕರೆಂಟ್ ಅದರ ಮೂಲಕ ನೇರ ಹಾದುಹೋಗುತ್ತದೆ, ಅದಕ್ಕೇ ಎರಡೂ ಬೇಕು. ಗೋಡೆಯ ಸ್ವಿಚ್ ನಂಬಬೇಡಿ. ಕೆಲವು ಮನೆಗಳಲ್ಲಿ ಸ್ವಿಚ್ ಫೇಸ್ ಬದಲು ನ್ಯೂಟ್ರಲ್ ಕಡಿಯುವ ಹಾಗೆ ಕೂತಿರುತ್ತದೆ, ಆಗ ಲೈಟ್ ಆರಿದ್ದರೂ ಹೋಲ್ಡರ್‌ನಲ್ಲಿ ಕರೆಂಟ್ ಇರುತ್ತದೆ. ಟೆಸ್ಟರನ್ನು ಮೊದಲು ಕರೆಂಟ್ ಇರುವ ಪ್ಲಗ್‌ನಲ್ಲಿ ಇಟ್ಟು ಅದು ಹತ್ತುತ್ತದೆ ಎಂದು ಖಾತ್ರಿ ಮಾಡಿಕೊಂಡು, ಎಲ್ಲ ಆಫ್ ಮಾಡಿದ ಮೇಲೆ ಹೋಲ್ಡರ್‌ಗೆ ಇಡಬೇಕು. ವೈರ್ ಮುಟ್ಟುವ ಕೆಲಸವನ್ನು ನೀವು ಮಾಡಬೇಡಿ, ಪರ್ಮಿಟ್ ಇರುವ ವೈರ್‌ಮನ್ ಮಾಡಲಿ. ಆದರೆ ಅವರು ಏಣಿ ಹತ್ತುವ ಮೊದಲು ಯುಪಿಎಸ್ ಆಫ್ ಆಗಿದೆಯಾ ಎಂದು ನೀವು ಕೇಳಿ. ಮನೆ ಹೊಸದಾದ ವೈರ್‌ಮನ್‌ಗೆ ಯಾವ ಲೈಟ್ ಯುಪಿಎಸ್‌ನಲ್ಲಿದೆ ಎಂದು ಗೊತ್ತಿರುವುದಿಲ್ಲ.

ಬಲ್ಬ್ ಹೋಗಲು ಯುಪಿಎಸ್ಸೇ ಕಾರಣ ಇರಬಹುದಾ? ಹಳೇ, ಅಗ್ಗದ ಸ್ಕ್ವೇರ್ ವೇವ್ ಯುಪಿಎಸ್‌ಗಳು ಕೆಲವು ಕಡಿಮೆ ಬೆಲೆಯ ಎಲ್‌ಇಡಿ ಬಲ್ಬ್‌ಗಳಿಗೆ ಒಗ್ಗುವುದಿಲ್ಲ, ಡ್ರೈವರ್‌ಗೆ ಪೆಟ್ಟು ಬೀಳುತ್ತದೆ. ಮೇನ್ ಕರೆಂಟಿನ ಥರವೇ ನಯವಾದ ಅಲೆ ಕೊಡುವ ಸೈನ್ ವೇವ್ ಯುಪಿಎಸ್ ಆದರೆ ಈ ತೊಂದರೆ ಇಲ್ಲ. ಕೆಳಗಿನ ರೂಮುಗಳಲ್ಲಿ ಯುಪಿಎಸ್ ಲೈನಿನ ಬಲ್ಬ್‌ಗಳು ಚೆನ್ನಾಗಿದ್ದರೆ ಇದನ್ನು ಬಿಟ್ಟುಬಿಡಿ.

ವೈರ್‌ಮನ್ ಬಂದಾಗ ಏನು ಮಾಡಿಸಬೇಕು? ನಾನಾಗಿದ್ದರೆ ಫಿಟ್ಟಿಂಗ್ ಪೂರ್ತಿ ಇಳಿಸುತ್ತೇನೆ. ವೈರಿನ ತುದಿಯಲ್ಲಿ ಪ್ಲಾಸ್ಟಿಕ್ ಗಟ್ಟಿಯಾಗಿ ಪುಡಿಯಾಗುತ್ತಿದ್ದರೆ ಒಳ್ಳೇ ಭಾಗ ಸಿಗುವ ತನಕ ಕತ್ತರಿಸುತ್ತೇನೆ. ತಿರುಚಿದ ಜಾಯಿಂಟ್ ಬದಲು ಸ್ಕ್ರೂ ಕನೆಕ್ಟರ್ ಹಾಕುತ್ತೇನೆ. ಫ್ಯಾನ್ ಬಾಕ್ಸ್‌ನ ನ್ಯೂಟ್ರಲ್ ಜಾಯಿಂಟನ್ನೂ ಬಿಚ್ಚಿ ನೋಡುತ್ತೇನೆ. ಇದನ್ನು ನೀವು ಬಾಯಿಬಿಟ್ಟು ಕೇಳಿ, ಯಾಕೆಂದರೆ ಲೈಟ್ ರಿಪೇರಿಗೆ ಬಂದವರು ಫ್ಯಾನಿನ ಕಪ್ ಇಳಿಸುವುದಿಲ್ಲ. ಸ್ವಿಚ್ ಬೋರ್ಡ್ ಹಿಂದಿನ ಸ್ಕ್ರೂಗಳನ್ನೂ ಒಮ್ಮೆ ಬಿಗಿ ಮಾಡಿಸಿ. ಸಾಮಾನಿನ ಖರ್ಚು ಹೆಚ್ಚಿಲ್ಲ, ಕೂಲಿಯೇ ಜಾಸ್ತಿ. ಕತ್ತರಿಸುತ್ತಾ ಹೋದರೆ ವೈರ್ ಗಿಡ್ಡವಾಗಿ ಬಾಕ್ಸ್‌ನಿಂದ ಹೊರಗೆ ಬರದೇ ಹೋಗಬಹುದು. ಆಗ ಪೈಪಿನೊಳಗೆ ಹೊಸ ವೈರ್ ಎಳೆಯಬೇಕಾಗುತ್ತದೆ. ಗಿಡ್ಡ ವೈರಿಗೆ ಇನ್ನೊಂದು ತುಂಡು ಸೇರಿಸಿ ಪೈಪಿನೊಳಗೆ ತಳ್ಳಲು ಬಿಡಬೇಡಿ.

ಫಿಟ್ಟಿಂಗ್ ವಿಷಯದಲ್ಲಿ ನಿಮ್ಮ ಮುಂದೆ ಮೂರು ದಾರಿ ಇವೆ. ಗಾಜಿನ ಲೈಟ್ ಇಷ್ಟವಾಗಿದ್ದರೆ ಇಟ್ಟುಕೊಳ್ಳಿ, ಆದರೆ 12 ಬದಲು 7 ವಾಟ್ ಬಲ್ಬ್ ಹಾಕಿ. ಬಿಸಿ ಕಡಿಮೆಯಾಗುತ್ತದೆ, ಬೆಳಕೂ ಕಡಿಮೆಯಾಗುತ್ತದೆ, ಓದುವ ಮೇಜಿಗೆ ಬೇರೆ ದೀಪ ಬೇಕು. ಎರಡನೆಯದು ಸೀಲಿಂಗ್‌ಗೆ ಅಂಟಿಕೊಳ್ಳುವ ಎಲ್‌ಇಡಿ ಪ್ಯಾನೆಲ್. ಅದಕ್ಕೆ ಬಲ್ಬೇ ಇಲ್ಲ, ಬಿಸಿ ಹೊರಗೆ ಹೋಗಲು ಅಗಲವಾದ ಹಿಂಬದಿ ಇರುತ್ತದೆ. ಕೆಟ್ಟರೆ ಇಡೀ ಪ್ಯಾನೆಲ್ ಬದಲಿಸಬೇಕಾಗಬಹುದು, ಆದ್ದರಿಂದ ಡ್ರೈವರ್ ಬೇರೆಯಾಗಿ ಸಿಗುವಂಥದ್ದನ್ನೇ ಕೇಳಿ. ಮೂರನೆಯದು, ಹಳೇ ಥರದ ತೆರೆದ ಬ್ಯಾಟನ್ ಹೋಲ್ಡರ್ ಅಥವಾ ಗೋಡೆಗೊಂದು ಎಲ್‌ಇಡಿ ಟ್ಯೂಬ್. ಚೆಂದಕ್ಕೆ ಸ್ವಲ್ಪ ಕಡಿಮೆ. ಓದುವ ರೂಮಾದ್ದರಿಂದ ನಾನು ಟ್ಯೂಬ್ ಅನ್ನುತ್ತೇನೆ. ಬೆಳಕು ಹರಡುತ್ತದೆ, ನೆರಳು ಕಡಿಮೆ, ತಾರಸಿಯ ಬಿಸಿಯಿಂದಲೂ ದೂರ.

ಬಲ್ಬ್ ಕೊಳ್ಳುವಾಗ ಬಿಐಎಸ್ (ಭಾರತೀಯ ಮಾನಕ ಸಂಸ್ಥೆ) ಗುರುತು ಮತ್ತು ಅದರ ಜೊತೆಗಿನ ಆರ್ ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆ ಇದೆಯಾ ನೋಡಿ. ಬಲ್ಬ್ ಮೇಲೆ ವೋಲ್ಟೇಜ್ ಬರೆದಿರುತ್ತದೆ. ಕೆಲವದರಲ್ಲಿ 220ರಿಂದ 240, ಕೆಲವದರಲ್ಲಿ 100ರಿಂದ 300. ಹಳ್ಳಿ ಲೈನ್‌ಗೆ ಎರಡನೆಯದು ಒಳ್ಳೆಯದು. ಬಿಲ್ ಇಟ್ಟುಕೊಳ್ಳಿ, ವಾರಂಟಿಯೊಳಗೆ ಹೋದರೆ ಬದಲಿಸಿಕೊಡಬೇಕು.

ವೋಲ್ಟೇಜ್ ವಿಷಯವನ್ನೂ ಅಳೆದೇ ಮುಗಿಸಿಬಿಡಿ. ವೈರ್‌ಮನ್ ಹತ್ತಿರ ಮಲ್ಟಿಮೀಟರ್ ಇರುತ್ತದೆ. ಮನೆಗೆ ಬರಬೇಕಾದ್ದು 230 ವೋಲ್ಟ್, ಅದರಲ್ಲಿ ಶೇ 6 ಹೆಚ್ಚು ಕಡಿಮೆ ನಡೆಯುತ್ತದೆ, ಅಂದರೆ ಸುಮಾರು 216ರಿಂದ 244. ಒಂದೇ ಸಲ ಅಳೆದರೆ ಸಾಲದು. ತೋಟದ ಪಂಪ್‌ಸೆಟ್‌ಗಳು ಓಡುವಾಗ ವೋಲ್ಟೇಜ್ ಕುಸಿಯುತ್ತದೆ, ಅವು ನಿಂತ ಮೇಲೆ ಏರುತ್ತದೆ. ನಿಮ್ಮ ಮನೆ ಮತ್ತು ಪಂಪ್‌ಸೆಟ್‌ಗಳು ಒಂದೇ ಟಿಸಿ (ಟ್ರಾನ್ಸ್‌ಫಾರ್ಮರ್) ಮೇಲಿದ್ದರೆ ಈ ಏರಿಳಿತ ಜಾಸ್ತಿ. ಸಂಜೆ ಒಮ್ಮೆ, ರಾತ್ರಿ ಹನ್ನೊಂದರ ಮೇಲೆ ಒಮ್ಮೆ ನೋಡಿ. ದಿನಾ 250 ದಾಟುತ್ತಿದ್ದರೆ ಬೆಸ್ಕಾಂನ 1912ಕ್ಕೆ ದೂರು ಕೊಟ್ಟು ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ. ಅಳೆಯದೆ ಸ್ಟೆಬಿಲೈಜರ್‌ಗೆ ಸಾವಿರಾರು ರೂಪಾಯಿ ಹಾಕಬೇಡಿ. ಸಡಿಲ ಜಾಯಿಂಟ್ ಇದ್ದರೆ ಸ್ಟೆಬಿಲೈಜರ್ ಆದಮೇಲೂ ಬಲ್ಬ್ ಹೋಗುತ್ತಲೇ ಇರುತ್ತದೆ.

ಒಂದು ಲಕ್ಷಣ ಮಾತ್ರ ಕಂಡರೆ ಇದ್ಯಾವುದನ್ನೂ ಕಾಯಬೇಡಿ. ಮನೆಯ ಕೆಲವು ಲೈಟ್‌ಗಳು ಇದ್ದಕ್ಕಿದ್ದಂತೆ ಕಣ್ಣು ಕುಕ್ಕುವಷ್ಟು ಬೆಳಗಿ, ಇನ್ನು ಕೆಲವು ಮಂಕಾದರೆ, ಫ್ಯಾನ್ ವಿಪರೀತ ಜೋರಾಗಿ ತಿರುಗಿದರೆ, ನ್ಯೂಟ್ರಲ್ ಕಿತ್ತಿದೆ ಎಂದು ಅರ್ಥ. ಕಂಬದಲ್ಲಿ ಕಿತ್ತಿರಬಹುದು, ತ್ರೀ ಫೇಸ್ ಮನೆಯಾದರೆ ಮೀಟರ್ ಹತ್ತಿರವೂ ಕಿತ್ತಿರಬಹುದು. ಆಗ 230 ಇರಬೇಕಾದ ಕಡೆ 400ರ ಹತ್ತಿರ ಬರಬಹುದು. ಫ್ರಿಜ್, ಟಿವಿ ನಿಮಿಷಗಳಲ್ಲಿ ಸುಡುತ್ತವೆ. ಓಡಿಹೋಗಿ ಮೇನ್ ಆಫ್ ಮಾಡಿ, 1912ಕ್ಕೆ ಫೋನ್ ಮಾಡಿ, ಪಕ್ಕದ ಮನೆಯವರಿಗೂ ಹೇಳಿ.

ಜಾಯಿಂಟ್, ಹೋಲ್ಡರ್, ಫಿಟ್ಟಿಂಗ್ ಮೂರೂ ಸರಿ ಮಾಡಿಸಿದ ಮೇಲೆ ಹೊಸ ಬಲ್ಬ್ ಅಥವಾ ಟ್ಯೂಬ್ ಮೇಲೆ ಮಾರ್ಕರ್‌ನಲ್ಲಿ ತಾರೀಖು ಬರೆದು ಹಾಕಿ. ಅದೂ ಎರಡು ತಿಂಗಳೊಳಗೆ ಹೋದರೆ ಅನುಮಾನ ಗೋಡೆಯೊಳಗಿನ ವೈರ್ ಮೇಲೆ. ಮಳೆಗಾಲದಲ್ಲಿ ತಾರಸಿ ಸೋರಿ ಪೈಪಿಗೆ ನೀರು ಇಳಿದಿರಬಹುದು. ಆಗ ಬೋರ್ಡ್‌ನಿಂದ ಸೀಲಿಂಗ್ ತನಕ ವೈರಿನ ಇನ್ಸುಲೇಶನ್ (ಪ್ಲಾಸ್ಟಿಕ್ ಹೊದಿಕೆ) ಟೆಸ್ಟ್ ಮಾಡಿಸಿ, ಅದನ್ನು ಅಳೆಯುವ ಮೆಗ್ಗರ್ ಎಂಬ ಮೀಟರ್ ಇರುವವರನ್ನೇ ಕರೆಸಿ. ಫೇಲ್ ಆದರೆ ಆ ರೂಮಿಗೆ ಅರ್ಥ್ ವೈರ್ ಸಮೇತ ಹೊಸ ವೈರ್ ಎಳೆಸಿಬಿಡಿ.